ಕಾಯಿದೆಯಿಂದ ಹುಟ್ಟಿದ ಕಸುಬು: ಕೆಟ್ಟ ಹೊಳೆಗಳ ಪುನರ್ನಿರ್ಮಾಣ

ರಸ್ತೆಯನ್ನೋ ಸೇತುವೆಯನ್ನೋ ಕಟ್ಟುವ ಕಂಟ್ರಾಕ್ಟರನಿಗೆ ಕೆಲಸವು ಎಲ್ಲಿಂದ ಬರುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಊರಿಗೆ ರಸ್ತೆ ಬೇಕು, ಸರ್ಕಾರವು ಹಣ ಮಂಜೂರು ಮಾಡುತ್ತದೆ, ಟೆಂಡರು ಕರೆಯುತ್ತಾರೆ, ಕಡಿಮೆ ದರ ಹೇಳಿದವನು ಕೆಲಸ ಹಿಡಿಯುತ್ತಾನೆ. ಆದರೆ ನೂರು ವರ್ಷಗಳ ಹಿಂದೆ ಯಾರೋ ನೆಟ್ಟಗೆ ತೋಡಿಬಿಟ್ಟ ಒಂದು ಹೊಳೆಯನ್ನು ಮತ್ತೆ ಡೊಂಕು ಮಾಡಿಕೊಡಿರೆಂದು ಕೇಳುವವರು ಯಾರು? ಹೊಳೆಗೆ ಹಣದ ಚೀಲವಿಲ್ಲ. ಅದರಲ್ಲಿ ಬಾಳುವ ಮೀನು, ಕಪ್ಪೆ, ಏಡಿಗಳು ಅರ್ಜಿ ಬರೆಯಲಾರವು. ದಡದ ರೈತನಿಗಾದರೋ ನೇರವಾದ ಹೊಳೆಯೇ ಅನುಕೂಲ, ಉಳುವ ನೆಲ ನಾಲ್ಕು ಗುಂಟೆ ಹೆಚ್ಚು ಸಿಕ್ಕುತ್ತದೆ.

ಹೀಗಿದ್ದರೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೆಟ್ಟ ಹೊಳೆ, ಜೌಗುನೆಲ, ಗಣಿಯಾಡಿದ ಗುಡ್ಡಗಳನ್ನು ಸರಿಪಡಿಸುವುದೇ ಒಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅಲ್ಲಿ ಸುಮಾರು 1,26,000 ಜನರು ಈ ಕೆಲಸದಲ್ಲಿ ನೇರವಾಗಿ ತೊಡಗಿದ್ದರು. ವರ್ಷಕ್ಕೆ ಸುಮಾರು 950 ಕೋಟಿ ಡಾಲರುಗಳ ವಹಿವಾಟು ನಡೆಯುತ್ತಿತ್ತು. ಆ ದೇಶದ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದವರ ಸಂಖ್ಯೆಗಿಂತ ಇದು ಹೆಚ್ಚೆಂದು ಅಧ್ಯಯನಕಾರರು ತೋರಿಸಿದರು. ಕೊಳ್ಳುವವನೇ ಇಲ್ಲದ ಸರಕಿಗೆ ಇಷ್ಟು ದೊಡ್ಡ ಪೇಟೆ ಹೇಗೆ ಉಂಟಾಯಿತು? ಅದನ್ನು ಉಂಟುಮಾಡಿದ್ದು ಕಾಯಿದೆ. ಕಾಯಿದೆಯು ಬೇಡಿಕೆಯನ್ನು ಹುಟ್ಟಿಸಿದ್ದಷ್ಟೇ ಅಲ್ಲ. ಯಾವ ತಿಂಗಳಿನಲ್ಲಿ ಅಗೆಯಬೇಕು, ಮಣ್ಣನ್ನು ಎಷ್ಟು ಗಟ್ಟಿಯಾಗಿ ತುಳಿಯಬೇಕು, ಕೊನೆಗೆ ಹೊಳೆಯು ಯಾವ ಆಕಾರದಲ್ಲಿ ಹರಿಯಬೇಕು ಎಂಬುದನ್ನು ಸಹ ಅದು ಮರೆಯಲ್ಲಿ ನಿಂತು ನಿರ್ಣಯಿಸಿದೆ. ಈ ಕೊನೆಯ ಮಾತು ವಿಚಿತ್ರವೆನಿಸಬಹುದು. ಅದನ್ನು ತಿಳಿಯಬೇಕಾದರೆ ಮೊದಲು ಹೊಳೆಯ ಸ್ವಭಾವವನ್ನು ಸ್ವಲ್ಪ ಅರಿತುಕೊಳ್ಳಬೇಕು.

ಹೊಳೆಯ ತಕ್ಕಡಿ

ಹೊಳೆಯು ನೀರನ್ನು ಮಾತ್ರ ಹೊರುವುದಿಲ್ಲ. ಮಣ್ಣು, ಮರಳು, ನೊರಜುಗಲ್ಲುಗಳನ್ನೂ ಹೊರುತ್ತದೆ. ಅಮೆರಿಕದ ಇಂಜಿನಿಯರ್ ಲೇನ್ ಎಂಬವರು 1955ರಲ್ಲಿ ಇದನ್ನು ಒಂದು ತಕ್ಕಡಿಗೆ ಹೋಲಿಸಿದರು. ಒಂದು ತಟ್ಟೆಯಲ್ಲಿ ನೀರಿನ ಮೊತ್ತ ಮತ್ತು ಪಾತ್ರದ ಇಳಿಜಾರು; ಇನ್ನೊಂದರಲ್ಲಿ ಹೂಳಿನ ಮೊತ್ತ ಮತ್ತು ಅದರ ಕಣಗಳ ಗಾತ್ರ. ಎರಡೂ ಸಮನಾಗಿರುವವರೆಗೆ ಹೊಳೆಯು ಒಂದು ಕಡೆ ಕೊರೆದರೆ ಮತ್ತೊಂದು ಕಡೆ ತುಂಬುತ್ತ, ಒಟ್ಟಿನಲ್ಲಿ ತನ್ನ ಆಳ ಅಗಲಗಳನ್ನು ಕಾಪಾಡಿಕೊಂಡು ಹೋಗುತ್ತದೆ. ಇಳಿಜಾರು ಹೆಚ್ಚಿತೆಂದರೆ ತಕ್ಕಡಿ ವಾಲುತ್ತದೆ. ಹೊಳೆಯು ತನ್ನ ತಳವನ್ನೇ ಕೊರೆಯತೊಡಗುತ್ತದೆ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಅಂಕುಡೊಂಕಾಗಿ 1,000 ಅಡಿ ಹರಿದು ಒಟ್ಟು 4 ಅಡಿ ಕೆಳಕ್ಕಿಳಿಯುವ ಒಂದು ತೊರೆಯಿದೆಯೆಂದು ಭಾವಿಸಿರಿ. ಇಳಿಜಾರು ಸಾವಿರಕ್ಕೆ 4. ತಿರುವುಗಳನ್ನೆಲ್ಲ ಕಡಿದು ಅದೇ ಎರಡು ಬಿಂದುಗಳ ನಡುವೆ 700 ಅಡಿ ಉದ್ದದ ನೇರ ಕಾಲುವೆಯನ್ನು ತೋಡಿದರೆ ಇಳಿತವು ಅದೇ 4 ಅಡಿ, ಆದರೆ ಇಳಿಜಾರು ಸಾವಿರಕ್ಕೆ ಸುಮಾರು 5.7. ಅಷ್ಟೇ ನೀರು ಪ್ರತಿಯೊಂದು ಅಡಿಯಲ್ಲಿಯೂ ಮೊದಲಿಗಿಂತ ಶೇಕಡಾ 43ರಷ್ಟು ಹೆಚ್ಚು ಶಕ್ತಿಯನ್ನು ಚೆಲ್ಲುತ್ತದೆ. ಆ ಶಕ್ತಿಯು ತಳವನ್ನು ಕೊರೆಯುತ್ತದೆ. ತಳವು ಇಳಿದಂತೆ ದಡಗಳು ಕಡಿದಾಗಿ ಕುಸಿಯುತ್ತವೆ. ಕುಸಿದ ಮಣ್ಣು ಕೆಳಗಿನ ಊರಿನ ಕೆರೆಯನ್ನೋ ಕೊಲ್ಲಿಯನ್ನೋ ಸೇರುತ್ತದೆ. ಪ್ರವಾಹದ ನೀರು ಇಕ್ಕೆಲದ ನೆರೆಬಯಲಿಗೆ ಹತ್ತಲಾರದೆ ಆಳವಾದ ಕಂದಕದೊಳಗೇ ಭೋರ್ಗರೆದು ಓಡುತ್ತದೆ. ಹೊಲವನ್ನು ಉಳಿಸಲೆಂದು ನೆಟ್ಟಗೆ ಮಾಡಿದ ಹೊಳೆಯೇ ಕೆಲವು ದಶಕಗಳಲ್ಲಿ ಹೊಲವನ್ನು ನುಂಗಲಾರಂಭಿಸುತ್ತದೆ.

ಆರೋಗ್ಯವಂತ ಹೊಳೆಯ ಅಳತೆಗಳಿಗೂ ಒಂದು ಕ್ರಮವುಂಟು. ಲೂನಾ ಲಿಯೊಪೋಲ್ಡ್ ಮತ್ತು ಅವರ ಸಹೋದ್ಯೋಗಿಗಳು ನೂರಾರು ನದಿಗಳನ್ನು ಅಳೆದು, ಒಂದು ಪೂರ್ಣ ತಿರುವಿನ ಉದ್ದವು ಹೊಳೆಯ ಅಗಲದ ಸುಮಾರು 10ರಿಂದ 14 ಪಟ್ಟು ಇರುವುದೆಂದೂ, ಪಾತ್ರದ ಗಾತ್ರವನ್ನು ರೂಪಿಸುವುದು ನೂರು ವರ್ಷಕ್ಕೊಮ್ಮೆ ಬರುವ ಮಹಾಪ್ರವಾಹವಲ್ಲ, ಸಾಮಾನ್ಯವಾಗಿ ಒಂದೆರಡು ವರ್ಷಕ್ಕೊಮ್ಮೆ ದಡದ ಅಂಚಿನವರೆಗೆ ತುಂಬಿ ಹರಿಯುವ ನೀರೆಂದೂ ಕಂಡುಕೊಂಡರು. ಇಂಥ ಅಳತೆಗಳು ಕೈಗೆ ಸಿಕ್ಕಿದ ಮೇಲೆ ಹೊಳೆಯನ್ನು ನಕ್ಷೆಯ ಮೇಲೆ ಬರೆದು ಯಂತ್ರದಿಂದ ಅಗೆಯಬಹುದೆಂಬ ಧೈರ್ಯವು ಹುಟ್ಟಿತು. ಡೇವ್ ರಾಸ್ಜನ್ ಎಂಬವರು ಹೊಳೆಗಳನ್ನು ಆಕಾರಕ್ಕನುಸಾರವಾಗಿ ವರ್ಗೀಕರಿಸಿ, ಸಮೀಪದ ಒಳ್ಳೆಯ ಹೊಳೆಯೊಂದನ್ನು ಮಾದರಿಯಾಗಿಟ್ಟುಕೊಂಡು ಕೆಟ್ಟದ್ದನ್ನು ತಿದ್ದುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ವಿದ್ಯೆ ಸಿದ್ಧವಾಯಿತು. ಹಣ ಕೊಡುವವನು ಮಾತ್ರ ಬೇಕಾಗಿದ್ದನು.

1972ರ ಶಾಸನ

1969ರ ಜೂನ್ 22ರಂದು ಒಹಾಯೊ ಸಂಸ್ಥಾನದ ಕುಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ ಕಸಗಳಿಗೆ ಬೆಂಕಿ ಹತ್ತಿಕೊಂಡಿತು. ನದಿ ಉರಿಯುತ್ತಿದೆಯೆಂಬ ಸುದ್ದಿಯು ದೇಶದ ಮನಸ್ಸನ್ನು ಕಲಕಿತು. 1972ರ ಅಕ್ಟೋಬರ್ 18ರಂದು, ಅಧ್ಯಕ್ಷ ನಿಕ್ಸನ್ನರ ನಿರಾಕರಣೆಯನ್ನು ಮೀರಿ, ಕಾಂಗ್ರೆಸ್ಸು ಶುದ್ಧ ಜಲ ಶಾಸನವೆಂದು ಹೆಸರಾದ ಕಾನೂನನ್ನು ಅಂಗೀಕರಿಸಿತು. ಅದರ 404ನೆಯ ಪ್ರಕರಣವೇ ನಮ್ಮ ಕಥೆಯ ಬೀಜ. ಹೊಳೆ, ಜೌಗುನೆಲಗಳಿಗೆ ಮಣ್ಣು ಕಲ್ಲು ತುಂಬಬೇಕಾದವನು ಸೈನ್ಯದ ಇಂಜಿನಿಯರುಗಳ ದಳದಿಂದ ಪರವಾನಗಿಯನ್ನು ಪಡೆಯತಕ್ಕದ್ದೆಂದು ಅದು ವಿಧಿಸಿತು.

ಪರವಾನಗಿಯ ಷರತ್ತುಗಳು ಕ್ರಮೇಣ ಬಿಗಿಯಾದವು. 1980ರ ದಶಕದ ಕೊನೆಯಲ್ಲಿ ದೇಶದ ಒಟ್ಟು ಜೌಗುನೆಲವು ಇನ್ನು ಕಡಿಮೆಯಾಗಕೂಡದೆಂಬ ಧ್ಯೇಯವನ್ನು ಸರ್ಕಾರವು ಒಪ್ಪಿಕೊಂಡಿತು. 1990ರಲ್ಲಿ ಸೈನ್ಯದ ಇಲಾಖೆಯೂ ಪರಿಸರ ರಕ್ಷಣಾ ಸಂಸ್ಥೆಯೂ ಒಂದು ಕ್ರಮವನ್ನು ಗೊತ್ತುಮಾಡಿದುವು: ಹಾನಿಯನ್ನು ಮೊದಲು ತಪ್ಪಿಸಬೇಕು, ತಪ್ಪಿಸಲಾಗದಿದ್ದರೆ ತಗ್ಗಿಸಬೇಕು, ತಗ್ಗಿಸಿದ ಮೇಲೂ ಉಳಿಯುವ ಹಾನಿಗೆ ಬೇರೊಂದೆಡೆ ಪರಿಹಾರ ಕಲ್ಪಿಸಬೇಕು. ಕಂಟ್ರಾಕ್ಟರನ ಅನ್ನವು ಇರುವುದು ಈ ಮೂರನೆಯ ಮಾತಿನಲ್ಲಿ. ಹೆದ್ದಾರಿಗಾಗಿ ಒಂದು ತೊರೆಯನ್ನು ಕೊಳವೆಯೊಳಗೆ ಹೂಳುವವನು ಮತ್ತೊಂದು ತೊರೆಯ ಪುನರ್ನಿರ್ಮಾಣಕ್ಕೆ ಹಣ ತೆರಲೇಬೇಕಾಯಿತು.

ಆರಂಭದಲ್ಲಿ ಪರವಾನಗಿ ಪಡೆದವನೇ ಈ ಪರಿಹಾರವನ್ನು ಮಾಡುತ್ತಿದ್ದನು. ಅಂಗಡಿ ಸಾಲು ಕಟ್ಟುವವನಿಗೆ ಜೌಗುನೆಲದ ಗೊಡವೆ ಏನು ಗೊತ್ತು? ಹಿತ್ತಲಿನ ಮೂಲೆಯಲ್ಲಿ ಒಂದು ಹೊಂಡ ತೋಡಿಸಿ, ಸುತ್ತ ನಾಲ್ಕು ಗಿಡ ನೆಡಿಸಿ, ಕಾಗದವನ್ನು ಮುಗಿಸುತ್ತಿದ್ದನು. ಮರುವರ್ಷ ಹೋಗಿ ನೋಡುವವರಿರಲಿಲ್ಲ. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಇದನ್ನೆಲ್ಲ ಪರಿಶೀಲಿಸಿ, ಜೌಗುನೆಲ ಕಡಿಮೆಯಾಗಕೂಡದೆಂಬ ಧ್ಯೇಯವು ಈ ಏರ್ಪಾಟಿನಿಂದ ಈಡೇರುತ್ತಿಲ್ಲವೆಂದು ವರದಿ ಮಾಡಿತು. ಅದರ ಫಲವಾಗಿ 2008ರ ಏಪ್ರಿಲ್‌ನಲ್ಲಿ ಹೊಸ ನಿಯಮವು ಹೊರಟಿತು. ಆ ನಿಯಮವು ಈ ಕಸುಬಿನ ಸ್ವರೂಪವನ್ನೇ ಬದಲಾಯಿಸಿತೆನ್ನಬಹುದು.

ಜಮೆ ಮಾಡಿ ಮಾರುವುದು

ಹೊಸ ನಿಯಮವು ಪರಿಹಾರದ ಮೂರು ಮಾರ್ಗಗಳಲ್ಲಿ ‘ಪರಿಹಾರ ಬ್ಯಾಂಕಿ’ಗೆ ಮೊದಲ ಮಣೆ ಹಾಕಿತು. ಇದು ಹಣದ ಬ್ಯಾಂಕಲ್ಲ. ಒಬ್ಬ ಉದ್ಯಮಿಯು ಕೆಟ್ಟ ಹೊಳೆಯಿರುವ ಜಮೀನನ್ನು ಹುಡುಕಿ, ರೈತನೊಡನೆ ಒಂದು ಶಾಶ್ವತ ಕರಾರನ್ನು ಬರೆಸಿಕೊಳ್ಳುತ್ತಾನೆ. ಜಮೀನಿನ ಒಡೆತನವು ರೈತನಲ್ಲಿಯೇ ಉಳಿಯಬಹುದು. ಆದರೆ ಆ ಪಟ್ಟಿಯಲ್ಲಿ ಅವನಾಗಲಿ ಅವನ ಮೊಮ್ಮಕ್ಕಳಾಗಲಿ ಮುಂದೆಂದೂ ಉಳಕೂಡದು, ದನ ಬಿಡಕೂಡದು. ಆಮೇಲೆ ಉದ್ಯಮಿಯು ಹೊಳೆಯನ್ನು ಸರಿಪಡಿಸುತ್ತಾನೆ. ಸರಿಯಾಯಿತೆಂದು ಅಧಿಕಾರಿಗಳ ಮಂಡಲಿಯು ಒಪ್ಪಿದಷ್ಟಕ್ಕೆ ಅವನ ಲೆಕ್ಕದಲ್ಲಿ ‘ಜಮೆ’ ಬೀಳುತ್ತದೆ. ಬೇರೆಲ್ಲಿಯೋ ಹೊಳೆಯನ್ನು ಕೆಡಿಸಲು ಪರವಾನಗಿ ಬೇಡುವವನು ಆ ಜಮೆಯನ್ನು ಕೊಂಡು ತನ್ನ ಹೊಣೆಯಿಂದ ಮುಕ್ತನಾಗುತ್ತಾನೆ. ಹೊಣೆಯು ಬ್ಯಾಂಕಿನವನಿಗೆ ವರ್ಗವಾಗುತ್ತದೆ. ಬ್ಯಾಂಕು ಯಾವ ಜಲಾನಯನ ಸೀಮೆಗೆ ಸೇರಿದೆಯೋ ಸಾಮಾನ್ಯವಾಗಿ ಅಲ್ಲಿಯ ಹಾನಿಗೆ ಮಾತ್ರ ಅದರ ಜಮೆಯನ್ನು ಮಾರಬಹುದು.

ಜಮೆಯು ಒಂದೇ ಬಾರಿಗೆ ಕೈಗೆ ಬರುವುದಿಲ್ಲ. ಕರಾರು ನೋಂದಣಿಯಾಗಿ ನಕ್ಷೆ ಒಪ್ಪಿಗೆಯಾದಾಗ ಸ್ವಲ್ಪ. ಅಗೆತ ಮುಗಿದಾಗ ಸ್ವಲ್ಪ. ಉಳಿದುದು ವರ್ಷ ವರ್ಷದ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಾಗೆಲ್ಲ. ಕನಿಷ್ಠ 5 ವರ್ಷ ಮೇಲ್ವಿಚಾರಣೆ ನಡೆಯಬೇಕೆಂದು 2008ರ ನಿಯಮವೇ ಹೇಳುತ್ತದೆ. ಅಷ್ಟು ಕಾಲವೂ ಮೋಜಣಿದಾರನು ಪಾತ್ರದ ಅಡ್ಡಕೊಯ್ತವನ್ನು ಅಳೆಯಬೇಕು, ಸಸ್ಯಶಾಸ್ತ್ರಜ್ಞನು ಬದುಕಿರುವ ಸಸಿಗಳನ್ನು ಎಣಿಸಬೇಕು. ಇದಲ್ಲದೆ ಕೆಲಸ ಕೆಟ್ಟರೆ ಸರಿಪಡಿಸಲು ಜಾಮೀನಿನ ಹಣವನ್ನು ಮೊದಲೇ ಕಟ್ಟಿರಬೇಕು.

ಇದರ ಆರ್ಥಿಕ ಪರಿಣಾಮವನ್ನು ಗಮನಿಸಿರಿ. ರಸ್ತೆಯ ಕಂಟ್ರಾಕ್ಟರನು ಒಂದು ಮೈಲಿ ಡಾಂಬರು ಹಾಕಿದ ತಿಂಗಳಿಗೆ ಬಿಲ್ಲು ಬರೆಯುತ್ತಾನೆ. ಹೊಳೆಯ ಬ್ಯಾಂಕು ನಡೆಸುವವನು ಜಮೀನು, ನಕ್ಷೆ, ಯಂತ್ರ, ಸಸಿಗಳಿಗೆಲ್ಲ ಮೊದಲು ಹಣ ಸುರಿದು, ಅದು ಮರಳುವುದನ್ನು ಹಲವು ವರ್ಷ ಕಾಯಬೇಕು. ಅಷ್ಟು ಬಂಡವಾಳ ಒಂದೆರಡು ಯಂತ್ರಗಳ ಒಡೆಯನಲ್ಲಿ ಎಲ್ಲಿಂದ ಬರಬೇಕು? ಹೀಗಾಗಿ ದೊಡ್ಡ ಬಂಡವಾಳಗಾರರು ಬ್ಯಾಂಕನ್ನು ನಡೆಸುವುದು, ಊರಿನ ಸಣ್ಣ ಕಂಟ್ರಾಕ್ಟರನು ಅವರ ಕೈಕೆಳಗೆ ಉಪಗುತ್ತಿಗೆ ಹಿಡಿಯುವುದು ವಾಡಿಕೆಯಾಯಿತು. ನಿಯಮವನ್ನು ಬರೆದವರ ಉದ್ದೇಶ ಇದಲ್ಲವೆಂಬುದು ನಿಜ. ಅವರಿಗೆ ಬೇಕಾಗಿದ್ದುದು ಬಾಳಿಕೆ ಬರುವ ಹೊಳೆ. ಆದರೆ ಬಾಳಿಕೆಗೆ ಜಾಮೀನು ಕೇಳಿದ ಕೂಡಲೇ ಜಾಮೀನು ಕೊಡಬಲ್ಲವನೇ ಯಜಮಾನನಾಗುತ್ತಾನೆ.

ಉತ್ತರ ಕೆರೊಲೈನಾ ಸಂಸ್ಥಾನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿಯ ಸರ್ಕಾರವು ಹೆದ್ದಾರಿ ಇಲಾಖೆಯೇ ಮೊದಲಾದವರಿಂದ ಹಣ ಪಡೆದು ಪರಿಹಾರದ ಹೊಣೆಯನ್ನು ತಾನೇ ಹೊರುತ್ತದೆ. ಆಮೇಲೆ ಅದು ಕರೆಯುವ ಟೆಂಡರಿನಲ್ಲಿ ಇಷ್ಟು ಘನಗಜ ಮಣ್ಣು ಅಗೆಯಿರೆಂಬ ಮಾತಿಲ್ಲ. ಇಂಥ ಜಲಾನಯನದಲ್ಲಿ ಇಷ್ಟು ಜಮೆ ಬೇಕೆಂದಷ್ಟೇ ಕೇಳುತ್ತದೆ. ಜಮೀನು ಹುಡುಕುವುದರಿಂದ ಹಿಡಿದು ಕೊನೆಯ ವರ್ಷದ ಸಸಿಯೆಣಿಕೆಯವರೆಗೆ ಎಲ್ಲವೂ ಗುತ್ತಿಗೆದಾರನ ಪಾಲು.

ಅಳತೆಗೋಲು ಹೊಳೆಯನ್ನು ರೂಪಿಸಿದ ಬಗೆ

ಜಮೆಯನ್ನು ಅಳೆಯುವುದು ಹೇಗೆ? ಜೌಗುನೆಲವಾದರೆ ಎಕರೆಯಲ್ಲಿ. ಹೊಳೆಯನ್ನು ಅನೇಕ ಸಂಸ್ಥಾನಗಳಲ್ಲಿ ಉದ್ದದ ಅಡಿಯಲ್ಲಿ ಅಳೆದರು. ಪೂರ್ಣವಾಗಿ ಮರುನಿರ್ಮಿಸಿದ ಒಂದು ಅಡಿಗೆ ಒಂದು ಜಮೆ; ಬರಿಯ ಬೇಲಿ ಹಾಕಿ ಮರ ನೆಟ್ಟರೆ ಅದಕ್ಕಿಂತ ಕಡಿಮೆ; ಚೆನ್ನಾಗಿರುವ ಹೊಳೆಯನ್ನು ಹಾಗೆಯೇ ಕಾಪಾಡಿದರೆ ಇನ್ನೂ ಕಡಿಮೆ. ಇದು ನ್ಯಾಯವಾಗಿಯೇ ಕಾಣುತ್ತದೆ. ಈಗ 2,000 ಅಡಿ ಉದ್ದದ ಒಂದು ಕಣಿವೆಯನ್ನು ಊಹಿಸಿಕೊಳ್ಳಿ. ಅಲ್ಲಿ ಹೊಳೆಯು ನೇರವಾಗಿ ಹರಿದರೆ 2,000 ಜಮೆ. ಕಣಿವೆಯ ಉದ್ದಕ್ಕಿಂತ 1.3 ಪಟ್ಟು ಆಗುವಂತೆ ಡೊಂಕು ಮಾಡಿದರೆ 2,600. ಡೊಂಕಿನಿಂದಲೇ 600 ಜಮೆ ಲಾಭ! ಇನ್ನು ಒಂದು ಹೊಳೆಯನ್ನು ಅದರ ಪಾಡಿಗೆ ಬಿಟ್ಟು ದನಗಳನ್ನು ದೂರವಿಟ್ಟರೆ ಅದು ತಾನೇ ಸುಧಾರಿಸಿಕೊಳ್ಳುವಂತಿದ್ದರೂ ಯಂತ್ರವನ್ನಿಳಿಸಿದವನಿಗೇ ಹೆಚ್ಚು ಆದಾಯ. ಯಂತ್ರಗಳು ಬಂದವು. ನಮ್ಮ ಹಳ್ಳಿಗಳಲ್ಲಿ ಜನರು ಹಿಟಾಚಿ ಎಂದು ಕರೆಯುವ ಅಗೆಯುವ ಯಂತ್ರವೇ ಅಲ್ಲಿಯೂ ಈ ಕೆಲಸದ ಮುಖ್ಯ ಸಾಧನ. ನಕ್ಷೆಯಲ್ಲಿ ಬರೆದ ಬಾಗನ್ನು ನೆಲದ ಮೇಲೆ ಒಂದೆರಡು ಅಂಗುಲಗಳ ನಿಖರತೆಯಿಂದ ಮೂಡಿಸುವ ಚಾಲಕನಿಗೆ ಈ ಕಸುಬಿನಲ್ಲಿ ಇಂಜಿನಿಯರನಷ್ಟೇ ಮರ್ಯಾದೆ.

ಆದರೆ ಬಾಗು ಎಲ್ಲ ಹೊಳೆಗೂ ಒಗ್ಗುವುದಿಲ್ಲ. ಕ್ಯಾಲಿಫೋರ್ನಿಯದ ಗಿಲ್ರಾಯ್ ಊರಿನ ಬಳಿಯ ಉವಾಸ್ ಹೊಳೆಯ ದೃಷ್ಟಾಂತವು ಪ್ರಸಿದ್ಧವಾಗಿದೆ. ಅದು ಪರಿಹಾರ ಬ್ಯಾಂಕಿನ ಕೆಲಸವಲ್ಲ. ಆದರೂ ಪಾಠ ಒಂದೇ. 1995ರ ನವೆಂಬರಿನಲ್ಲಿ ಅಲ್ಲಿ ಸುಂದರವಾದ ಏಕರೂಪದ ತಿರುವುಗಳುಳ್ಳ ಪಾತ್ರವೊಂದನ್ನು ಕಟ್ಟಿ ಮುಗಿಸಿದರು. 1996ರ ಫೆಬ್ರವರಿಯಲ್ಲಿ, ಅಸಾಧಾರಣವೆನ್ನಲಾಗದ ಒಂದು ಪ್ರವಾಹವು ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ಆಮೇಲೆ ಹಳೆಯ ದಾಖಲೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆ ಹೊಳೆಯು ಮೊದಲಿನಿಂದಲೂ ಹೇರಳವಾದ ಜಲ್ಲಿ ಮರಳನ್ನು ಹೊತ್ತು, ಅಗಲವಾದ ಹಾಸಿನಲ್ಲಿ ಕವಲು ಕವಲಾಗಿ ಹರಿಯುವ ಜಾತಿಗೆ ಸೇರಿದ್ದೆಂದು ತೋರಿಸಿದರು. ಲೇನರ ತಕ್ಕಡಿಯ ಹೂಳಿನ ತಟ್ಟೆಯನ್ನು ಯಾರೂ ತೂಗಿರಲಿಲ್ಲ.

2005ರಲ್ಲಿ ಎಮಿಲಿ ಬರ್ನ್‌ಹಾರ್ಟ್ ಮತ್ತು ಸಂಗಡಿಗರು ಇಡೀ ದೇಶದ 37,099 ನದಿ ಪುನರ್ನಿರ್ಮಾಣ ಕಾಮಗಾರಿಗಳ ದಾಖಲೆಗಳನ್ನು ಒಟ್ಟುಗೂಡಿಸಿದರು. 1990ರಿಂದೀಚೆಗೆ ವರ್ಷಕ್ಕೆ 100 ಕೋಟಿ ಡಾಲರಿಗೂ ಹೆಚ್ಚು ಹಣ ವ್ಯಯವಾಗಿತ್ತು. ಕೆಲಸ ಮುಗಿದ ಮೇಲೆ ಏನಾಯಿತೆಂದು ನೋಡಿದ ದಾಖಲೆ ಇದ್ದುದು ಸುಮಾರು ಶೇಕಡಾ 10ರಲ್ಲಿ ಮಾತ್ರ. ರೋಗಿಗೆ ಶಸ್ತ್ರಚಿಕಿತ್ಸೆ ಮಾಡಿ, ಅವನು ಬದುಕಿದನೆ ಎಂದು ವಿಚಾರಿಸದೆ ಹೊರಟುಹೋಗುವ ವೈದ್ಯನಿಗೆ ಏನೆನ್ನಬೇಕು? 2008ರ ನಿಯಮದಲ್ಲಿ ಮೇಲ್ವಿಚಾರಣೆಗೆ ಒತ್ತು ಬಿದ್ದುದು ಇಂಥ ಹಿನ್ನೆಲೆಯಲ್ಲಿಯೇ ಎಂಬುದನ್ನು ನೆನೆಯಬೇಕು.

ಮಾದರಿಯ ವಿಷಯದಲ್ಲಿಯೇ ಇನ್ನೊಂದು ಸಂದೇಹವು ತಲೆಯೆತ್ತಿತು. 2008ರಲ್ಲಿ ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ ಎಂಬ ಭೂವಿಜ್ಞಾನಿಗಳು ಪೂರ್ವ ಅಮೆರಿಕದ ಹೊಳೆದಡಗಳನ್ನು ಕೊರೆದು ಪರೀಕ್ಷಿಸಿ ಒಂದು ಆಶ್ಚರ್ಯದ ಸಂಗತಿಯನ್ನು ಪ್ರಕಟಿಸಿದರು. 1840ರ ವೇಳೆಗೆ ಆ ಪ್ರದೇಶದಲ್ಲಿ 65,000ಕ್ಕೂ ಹೆಚ್ಚು ನೀರು ಗಿರಣಿಗಳಿದ್ದವು. ಅವುಗಳಿಗಾಗಿ ಕಟ್ಟಿದ ಒಡ್ಡುಗಳ ಹಿಂದೆ ಹೂಳು ತುಂಬಿ, ಒಡ್ಡು ಒಡೆದ ಮೇಲೆ ಹೊಳೆಯು ಆ ಹೂಳನ್ನು ಕೊರೆದು ಈಗಿನ ಎತ್ತರವಾದ ದಡಗಳನ್ನು ಮಾಡಿತು. ಎಂದರೆ, ಎಲ್ಲರೂ ಸ್ವಾಭಾವಿಕವೆಂದು ನಂಬಿದ್ದ ಅಂಕುಡೊಂಕಿನ ಒಂಟಿ ಪಾತ್ರವು ಗಿರಣಿಯವರ ಕಾಣಿಕೆ! ಅದಕ್ಕೆ ಮೊದಲು ಅಲ್ಲಿದ್ದುದು ಹುಲ್ಲು ಜೊಂಡಿನ ಜೌಗಿನಲ್ಲಿ ಹೆಣೆದುಕೊಂಡ ಸಣ್ಣ ಸಣ್ಣ ಕವಲುಗಳು. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಬಳಿಯ ಬಿಗ್ ಸ್ಪ್ರಿಂಗ್ ರನ್ ಎಂಬ ತೊರೆಯಲ್ಲಿ 2011ರಲ್ಲಿ ಈ ವಿಚಾರವನ್ನು ಪ್ರಯೋಗಕ್ಕೆ ತಂದರು. ಬಾಗುಗಳನ್ನು ಕಟ್ಟುವ ಬದಲು ಗಿರಣಿಕಾಲದ ಹೂಳನ್ನು ಬಾಚಿ ಲಾರಿಗಳಲ್ಲಿ ಸಾಗಿಸಿ, ಕೆಳಗೆ ಹೂತುಹೋಗಿದ್ದ ಹಳೆಯ ಜೌಗು ಮಣ್ಣನ್ನು ಬೆಳಕಿಗೆ ತೆರೆದರು.

ಇಂಥ ಕೆಲಸಕ್ಕೆ ಅಡಿಯ ಲೆಕ್ಕದಲ್ಲಿ ಬೆಲೆ ಕಟ್ಟುವುದು ಕಷ್ಟ. ಆದರೆ ಪೆನ್ಸಿಲ್ವೇನಿಯ, ಮೇರಿಲ್ಯಾಂಡ್, ವರ್ಜೀನಿಯ ಮೊದಲಾದ ಸಂಸ್ಥಾನಗಳಲ್ಲಿ ಬೇರೊಂದು ಅಳತೆಗೋಲು ಬಳಕೆಗೆ ಬಂದಿತ್ತು. 2010ರ ಡಿಸೆಂಬರಿನಲ್ಲಿ ಪರಿಸರ ರಕ್ಷಣಾ ಸಂಸ್ಥೆಯು ಚೆಸಪೀಕ್ ಕೊಲ್ಲಿಗೆ ಹರಿದು ಬರುವ ಸಾರಜನಕ, ರಂಜಕ ಮತ್ತು ಹೂಳುಗಳಿಗೆ ಮಿತಿಯನ್ನು ವಿಧಿಸಿತು: ಸಾರಜನಕದಲ್ಲಿ ಶೇಕಡಾ 25, ರಂಜಕದಲ್ಲಿ ಶೇಕಡಾ 24, ಹೂಳಿನಲ್ಲಿ ಶೇಕಡಾ 20 ಇಳಿಕೆಯಾಗಬೇಕು. ನಗರಸಭೆಗಳು ತಮ್ಮ ಪಾಲಿನ ಇಳಿಕೆಯನ್ನು ತೋರಿಸಲು ದಡ ಕುಸಿಯುವ ಹೊಳೆಗಳನ್ನು ಸರಿಪಡಿಸತೊಡಗಿದುವು. ಇಲ್ಲಿ ಕಂಟ್ರಾಕ್ಟರನು ಮಾರುವ ಸರಕು ಅಡಿಯಲ್ಲ, ಪೌಂಡು: ವರ್ಷಕ್ಕೆ ಇಷ್ಟು ಪೌಂಡು ರಂಜಕ ಕೊಲ್ಲಿಗೆ ಹೋಗದಂತೆ ತಡೆದೆನೆಂಬ ಲೆಕ್ಕ. ಅಡಿಗೆ ಹಣ ಸಿಗುವಲ್ಲಿ ಹೊಳೆ ಉದ್ದವಾಯಿತು. ಪೌಂಡಿಗೆ ಹಣ ಸಿಗುವಲ್ಲಿ ಅತಿ ಹೆಚ್ಚು ಕುಸಿಯುವ ದಡವೇ ಅತಿ ಬೆಲೆಯುಳ್ಳದ್ದಾಯಿತು. ಮೀನಿನ ಲೆಕ್ಕದಲ್ಲಿ ಹಣ ಕೊಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ವಿದ್ಯಾರ್ಥಿಗಳು ತಾವೇ ಯೋಚಿಸಬಹುದು. ಪ್ರಶ್ನೆ ಸುಲಭವಲ್ಲ, ಏಕೆಂದರೆ ಮೀನುಗಳು ಪರೀಕ್ಷಕನು ಬರುವ ದಿನವೇ ಮನೆಯಲ್ಲಿರುವುದಿಲ್ಲ.

ಪಂಚಾಂಗ

ಕಾಯಿದೆಯು ಕೆಲಸದ ಕಾಲವನ್ನೂ ನಿಯಮಿಸುತ್ತದೆ. ಹೊಳೆಯನ್ನು ಸರಿಪಡಿಸುವುದಕ್ಕೆ ಸಹ ಪರವಾನಗಿ ಬೇಕು; ರೋಗ ವಾಸಿಮಾಡುವವನೂ ಗಾಯ ಮಾಡುವವನಂತೆಯೇ ಅರ್ಜಿ ಹಾಕಬೇಕು. ಆರೆಗಾನ್ ಸಂಸ್ಥಾನದಲ್ಲಿ ಸಾಲ್ಮನ್ ಮೀನುಗಳ ಮೊಟ್ಟೆ ಮರಿಗಳಿಗೆ ಅಪಾಯವಾಗದಂತೆ, ನೀರಿನಲ್ಲಿ ಯಂತ್ರವಿಳಿಸಲು ಪ್ರತಿಯೊಂದು ಹೊಳೆಗೂ ಇಂತಿಷ್ಟು ವಾರಗಳೆಂದು ಗೊತ್ತುಮಾಡಿದ್ದಾರೆ. ಸಾಮಾನ್ಯವಾಗಿ ಅದು ನೀರು ಇಳಿದಿರುವ ಬೇಸಗೆ. ಪೂರ್ವದ ಕಾಡುಗಳಲ್ಲಿ ಅಪಾಯದಂಚಿನಲ್ಲಿರುವ ಬಾವಲಿಗಳು ಬೇಸಗೆಯಲ್ಲಿ ಮರದ ತೊಗಟೆಯ ಸಂದಿನಲ್ಲಿ ಮರಿ ಸಾಕುವುದರಿಂದ ಅಲ್ಲಿ ಮರ ಕಡಿಯುವುದು ಚಳಿಗಾಲದಲ್ಲಿ. ದಡಕ್ಕೆ ನೆಡುವ ವಿಲೋ ಕಡ್ಡಿಗಳಾದರೋ ಎಲೆಯುದುರಿ ನಿದ್ರಿಸುವ ಕಾಲದಲ್ಲಿ ಕಡಿದು ನೆಟ್ಟರೆ ಮಾತ್ರ ಬೇರುಬಿಡುತ್ತವೆ. ಬಾವಲಿ, ಮೀನು, ವಿಲೋ ಮೂರಕ್ಕೂ ನಡೆದುಕೊಂಡು, ಮಧ್ಯೆ ಮಳೆಗೂ ಹೆದರುತ್ತ ಕೆಲಸಗಾರರನ್ನು ಕೈತಪ್ಪದಂತೆ ಉಳಿಸಿಕೊಳ್ಳಬೇಕಾದ ಕಂಟ್ರಾಕ್ಟರನ ಪಾಡು ನಮ್ಮ ರೈತನ ಪಂಚಾಂಗಕ್ಕಿಂತ ಸುಲಭವೇನಲ್ಲ. ಪರವಾನಗಿ ಒಂದು ತಿಂಗಳು ತಡವಾದರೆ ಕೆಲಸ ಒಂದು ತಿಂಗಳಲ್ಲ, ಒಂದು ವರ್ಷ ಮುಂದಕ್ಕೆ ಬೀಳುತ್ತದೆ.

ಗಣಿಯಾಡಿದ ಗುಡ್ಡಗಳು

ನೆಲವನ್ನು ಸರಿಪಡಿಸುವ ಕೆಲಸಕ್ಕೆ ಬೇರೊಂದು ಶಾಸನವಿದೆ. 1977ರ ಆಗಸ್ಟ್ 3ರಂದು ಜಾರಿಗೆ ಬಂದ ಅದು, ಕಲ್ಲಿದ್ದಲಿಗಾಗಿ ಗುಡ್ಡವನ್ನು ಬಗೆದವನು ಅದನ್ನು ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ತಂದು ಹಸುರು ಹೊದಿಸಬೇಕೆಂದು ವಿಧಿಸುತ್ತದೆ. ಗಣಿ ತೆರೆಯುವ ಮೊದಲೇ ಠೇವಣಿಯನ್ನು ಕಟ್ಟಬೇಕು. ಮಣ್ಣು ತುಂಬಿ ಸಮಮಾಡಿದಾಗ ಅದರ ಶೇಕಡಾ 60ರಷ್ಟು ಹಿಂದಕ್ಕೆ ಬರಬಹುದು. ಸಸ್ಯ ನೆಲೆಯೂರಿದಾಗ ಮತ್ತಷ್ಟು. ಪೂರ್ತಿ ಬಿಡುಗಡೆಯಾಗುವುದು ಬಿತ್ತನೆ ಮುಗಿದು 5 ವರ್ಷಗಳ ಮೇಲೆ, ವರ್ಷಕ್ಕೆ 26 ಅಂಗುಲ ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ 10 ವರ್ಷಗಳ ಮೇಲೆ.

ಒಳ್ಳೆಯ ಉದ್ದೇಶವು ಹೇಗೆ ಅಡ್ಡದಾರಿ ಹಿಡಿಯುತ್ತದೆಂಬುದಕ್ಕೆ ಇಲ್ಲಿಯೂ ಒಂದು ದೃಷ್ಟಾಂತವುಂಟು. ಗುಡ್ಡ ಜಾರಬಾರದು, ಬೇಗ ಹಸುರಾಗಬೇಕು ಎಂಬುದರ ಮೇಲೆ ತಪಾಸಣೆಯವರ ಕಣ್ಣಿದ್ದುದರಿಂದ ಕಂಟ್ರಾಕ್ಟರರು ಬುಲ್‌ಡೋಜರನ್ನು ಮೇಲಿಂದ ಮೇಲೆ ಓಡಾಡಿಸಿ ಮಣ್ಣನ್ನು ಗಚ್ಚಿನಂತೆ ತುಳಿದು, ಅದರ ಮೇಲೆ ಬೇಗ ಬೆಳೆಯುವ ಹುಲ್ಲನ್ನು ಬಿತ್ತಿದರು. ನೋಡುವುದಕ್ಕೆ ಹಸುರು ಚೆನ್ನಾಗಿಯೇ ಇತ್ತು. ಠೇವಣಿಯೂ ಬಂದಿತು. ಆದರೆ ಮೊದಲು ಕಾಡಿದ್ದ ಆ ಅಪಲೇಚಿಯನ್ ಗುಡ್ಡಗಳಲ್ಲಿ ಮರಗಳು ಏಳಲಿಲ್ಲ. ಗಟ್ಟಿಯಾದ ಮಣ್ಣಿನೊಳಕ್ಕೆ ಬೇರಿಳಿಯಲಾರದು, ನೀರೂ ಇಳಿಯಲಾರದು. ದಟ್ಟವಾದ ಹುಲ್ಲು ಸಸಿಯ ಕತ್ತು ಹಿಸುಕುತ್ತದೆ. 2004ರಲ್ಲಿ ಸರ್ಕಾರಗಳೂ ವಿಶ್ವವಿದ್ಯಾನಿಲಯಗಳ ಅರಣ್ಯಶಾಸ್ತ್ರಜ್ಞರೂ ಸೇರಿ ಬೇರೊಂದು ಕ್ರಮವನ್ನು ಸೂಚಿಸಿದರು: ಮೇಲಿನ 4 ಅಡಿ ಮಣ್ಣನ್ನು ತುಳಿಯದೆ ಸಡಿಲವಾಗಿ ಬಿಡಬೇಕು, ಹುಲ್ಲನ್ನು ವಿರಳವಾಗಿ ಬಿತ್ತಬೇಕು. ಕಂಟ್ರಾಕ್ಟರನಿಗೆ ಇದರಿಂದ ಯಂತ್ರದ ಖರ್ಚು ಉಳಿಯಿತೆಂಬುದು ಸ್ವಾರಸ್ಯ. ಹಿಂದೆ ತುಳಿದಿದ್ದ ಗುಡ್ಡಗಳಲ್ಲಿ ಈಗ ಬುಲ್‌ಡೋಜರಿನ ಹಿಂದೆ ಉದ್ದನೆಯ ಉಕ್ಕಿನ ಹಲ್ಲನ್ನು ಕಟ್ಟಿ ಅದೇ ಮಣ್ಣನ್ನು ಸೀಳುವ ಕೆಲಸವು ನಡೆಯುತ್ತಿದೆ. ತುಳಿಯುವುದಕ್ಕೂ ಕೂಲಿ, ತುಳಿದುದನ್ನು ಬಿಡಿಸುವುದಕ್ಕೂ ಕೂಲಿ!

ಕನ್ನಡನಾಡಿಗೂ ಈ ಬಗೆಯ ನಿಬಂಧನೆ ಹೊಸದಲ್ಲ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳನ್ನು 2011ರಲ್ಲಿ ನಿಲ್ಲಿಸಿದ ಭಾರತದ ಸರ್ವೋಚ್ಚ ನ್ಯಾಯಾಲಯವು, 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಪ್ರತಿ ಗಣಿಗೂ ಒಂದು ಪುನಶ್ಚೇತನ ಯೋಜನೆಯಂತೆ ನಡೆದುಕೊಂಡರೆ ಮಾತ್ರ ಮತ್ತೆ ಅದಿರು ತೆಗೆಯಬಹುದೆಂಬ ಷರತ್ತನ್ನು ಎತ್ತಿಹಿಡಿಯಿತು. ತಡೆಗೋಡೆ, ಹೂಳುಹೊಂಡ, ಗಿಡ ನೆಡುವುದು ಇವುಗಳಿಗೆ ಅಲ್ಲಿ ಕೆಲಸ ಹುಟ್ಟಿದುದು ಮಾರುಕಟ್ಟೆಯಿಂದಲ್ಲ, ಆ ಷರತ್ತಿನಿಂದ.

ಕ್ಲಾಮತ್ ನದಿ

ಇತ್ತೀಚಿನ ಕೆಲಸಗಳಲ್ಲಿ ಅತಿ ದೊಡ್ಡದು ಆರೆಗಾನ್ ಮತ್ತು ಕ್ಯಾಲಿಫೋರ್ನಿಯಗಳಲ್ಲಿ ಹರಿಯುವ ಕ್ಲಾಮತ್ ನದಿಯದು. ಅಲ್ಲಿದ್ದ ನಾಲ್ಕು ಜಲವಿದ್ಯುತ್ ಅಣೆಕಟ್ಟುಗಳ ಪರವಾನಗಿಯು 2006ರಲ್ಲಿ ತೀರಿತು. ಹೊಸ ಪರವಾನಗಿ ಬೇಕಾದರೆ ಮೀನು ಹತ್ತುವ ದಾರಿಗಳನ್ನು ಕಟ್ಟಬೇಕೆಂದು ವಿಧಿಸಿದರು. ಲೆಕ್ಕ ಹಾಕಿದಾಗ, ಕಟ್ಟುವುದಕ್ಕಿಂತ ಅಣೆಕಟ್ಟುಗಳನ್ನು ಕೆಡವುವುದೇ ಅಗ್ಗವೆಂದು ಕಂಡಿತು! ದೀರ್ಘ ಮಾತುಕತೆಗಳ ನಂತರ, ಸುಮಾರು 45 ಕೋಟಿ ಡಾಲರುಗಳ ಏರ್ಪಾಟಿನಲ್ಲಿ, 2023ರಲ್ಲಿ ಒಂದನ್ನೂ 2024ರಲ್ಲಿ ಉಳಿದ ಮೂರನ್ನೂ ಕೆಡವಿದರು. ಜಲಾಶಯಗಳ ತಳದಿಂದ ಬಯಲಾದ ಕೆಸರಿನ ಮೇಲೆ ಆ ಸೀಮೆಯದೇ ಹುಲ್ಲು, ಹೂಗಿಡಗಳ ಕೋಟ್ಯಂತರ ಬೀಜಗಳನ್ನು ಬಿತ್ತಿದರು. ಬೀಜಗಳನ್ನು ಹಲವು ವರ್ಷ ಮೊದಲಿನಿಂದಲೇ ಕೈಯಿಂದ ಆರಿಸಿದವರಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಯೂರಾಕ್ ಜನರ ತಂಡಗಳು ಸೇರಿದ್ದವು. ಸಾಲ್ಮನ್ ಮೀನನ್ನು ಕಳೆದುಕೊಂಡವರೂ ಅವರೇ. 2024ರ ಅಕ್ಟೋಬರಿನಲ್ಲಿ ಸಾಲ್ಮನ್ ಮೀನುಗಳು ಅಣೆಕಟ್ಟುಗಳಿದ್ದ ಜಾಗವನ್ನು ದಾಟಿ ಆರೆಗಾನಿನ ಒಂದು ಉಪನದಿಯನ್ನು ಸೇರಿದುವು. ಕಡಲಿಗೆ ಹೋಗಿ ಮರಳುವ ಮೀನುಗಳು ಆ ಭಾಗದಲ್ಲಿ ಕಂಡುದು 1912ರಿಂದೀಚೆಗೆ ಅದೇ ಮೊದಲು.

ಒಂದು ತೀರ್ಪು

ಕಾಯಿದೆಯಿಂದ ಹುಟ್ಟಿದ ಪೇಟೆಯು ಕಾಯಿದೆಯ ಒಂದು ಪದದಿಂದ ಕುಗ್ಗಲೂಬಹುದು. 1972ರ ಶಾಸನವು ‘ಸಂಯುಕ್ತ ಸಂಸ್ಥಾನಗಳ ಜಲಗಳು’ ಎಂದಷ್ಟೇ ಹೇಳಿತ್ತು. ಹರಿಯುವ ಹೊಳೆಗೆ ತಗುಲದೆ ದೂರದಲ್ಲಿರುವ ಜೌಗುನೆಲವು ಅದರಲ್ಲಿ ಸೇರುವುದೆ? ಐಡಹೊ ಸಂಸ್ಥಾನದ ಒಂದು ಸರೋವರದ ಬಳಿ ಮನೆ ಕಟ್ಟಹೊರಟ ದಂಪತಿಗಳ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2023ರ ಮೇ 25ರಂದು, ಮೇಲ್ಮೈಯಲ್ಲಿ ಎಡೆಬಿಡದೆ ಹೊಳೆಗೆ ಕೂಡಿಕೊಂಡಿರುವ ಜೌಗು ಮಾತ್ರ ಶಾಸನದ ರಕ್ಷಣೆಗೆ ಒಳಪಡುತ್ತದೆಂದು ತೀರ್ಪಿತ್ತಿತು. ನೆಲದಡಿಯ ಸಂಬಂಧವನ್ನು ಭೂಜಲ ವಿಜ್ಞಾನಿಯು ಎಷ್ಟೇ ತೋರಿಸಲಿ, ಕಾನೂನಿನ ಕಣ್ಣಿಗೆ ಅದು ಕಾಣದು. ಕೆಲವು ಸಂಸ್ಥಾನಗಳು ತಮ್ಮದೇ ಶಾಸನಗಳಿಂದ ಇಂಥ ನೆಲಗಳನ್ನು ಕಾಪಾಡುತ್ತವೆ. ಉತ್ತರ ಕೆರೊಲೈನಾ ಮಾತ್ರ ಅದೇ ವರ್ಷ ತನ್ನ ರಕ್ಷಣೆಯನ್ನೂ ಕೇಂದ್ರದ ಮಿತಿಗೇ ಇಳಿಸಿಕೊಂಡಿತು. ರಕ್ಷಣೆ ಇಲ್ಲದ ಜೌಗನ್ನು ತುಂಬುವವನಿಗೆ ಪರವಾನಗಿ ಬೇಡ. ಪರವಾನಗಿ ಬೇಡವಾದರೆ ಅವನು ಜಮೆಯನ್ನು ಕೊಳ್ಳಬೇಕಾದುದಿಲ್ಲ. ಹಳೆಯ ನಿಯಮವನ್ನು ನಂಬಿ ಹಣ ಸುರಿದು ಜೌಗುನೆಲವನ್ನು ಸಿದ್ಧಪಡಿಸಿದವನ ಬಳಿ, ನೆಲವು ಚೆನ್ನಾಗಿಯೇ ಸುಧಾರಿಸಿದ್ದರೂ, ಗಿರಾಕಿಗಳ ಸಾಲು ಮೊಟಕಾಗಬಹುದು.

ಹೀಗಾಗಿ ಈ ಕಸುಬಿನವರು ಒಂದೇ ಕಾಯಿದೆಯ ಮೇಲೆ ಭಾರ ಹಾಕಿ ಕುಳಿತುಕೊಳ್ಳುವಂತಿಲ್ಲ. ಅದೇ ಯಂತ್ರ, ಅದೇ ಚಾಲಕನನ್ನು ಒಂದು ವರ್ಷ ಅಡಿಯ ಲೆಕ್ಕದ ಹೊಳೆಗೆ, ಮರುವರ್ಷ ಪೌಂಡಿನ ಲೆಕ್ಕದ ಹೊಳೆಗೆ, ಇನ್ನೊಂದು ವರ್ಷ ಹಳೆಯ ಗಣಿಗೆ ಕಳುಹಿಸಬೇಕಾಗುತ್ತದೆ. 1977ಕ್ಕೆ ಮೊದಲೇ ಬಗೆದು ಬಿಟ್ಟುಹೋದ ಕಲ್ಲಿದ್ದಲು ಗಣಿಗಳನ್ನು ಸರಿಪಡಿಸಲು 2021ರ ನವೆಂಬರಿನ ಶಾಸನವು ಸುಮಾರು 1,130 ಕೋಟಿ ಡಾಲರುಗಳನ್ನು ತೆಗೆದಿಟ್ಟಿದೆ. ಇದಲ್ಲದೆ ಈಗಲೂ ಅಗೆಯುವ ಕಲ್ಲಿದ್ದಲಿನ ಮೇಲೆ ಟನ್ನಿಗೆ ಇಷ್ಟೆಂದು ವಸೂಲಾಗುವ ಶುಲ್ಕವೂ ಇದೇ ಕೆಲಸಕ್ಕೆ ಸಲ್ಲುತ್ತದೆ: ಮೇಲ್ಮೈ ಗಣಿಯಿಂದ ತೆಗೆದರೆ 22.4 ಸೆಂಟು, ನೆಲದಡಿಯಿಂದ ತೆಗೆದರೆ 9.6 ಸೆಂಟು. ಕಲ್ಲಿದ್ದಲು ಕಡಿಮೆಯಾದಂತೆ ಈ ಆದಾಯವೂ ಇಳಿಯುತ್ತಿದೆ. ಶುಲ್ಕದ ವಸೂಲಿಗೆ ಶಾಸನವು ಗೊತ್ತುಮಾಡಿರುವ ಗಡುವು 2034ರ ಸೆಪ್ಟೆಂಬರ್ 30.